ನಾಲ್ಕನೇ ನಂಬರಿನ ಟ್ರಾಮ್ ಬೇಡ

ಟ್ರಾಮಿನಲ್ಲಿ ಜನ ನಿಂತಿರುತ್ತಿದ್ದರು, ನನ್ನ ಪಕ್ಕದ ಸೀಟು ಮಾತ್ರ ಖಾಲಿ. ಪೂರ್ವ ಜರ್ಮನಿಯ ಈ ಊರಿಗೆ ಬಂದ ಹೊಸತರಲ್ಲಿ ಅದನ್ನು ಮರ್ಯಾದೆ ಅಂದುಕೊಂಡಿದ್ದೆ. ಒಂದು ಸಂಜೆ ತಲೆ ಬೋಳಿಸಿಕೊಂಡ ಮೂವರು ಯುವಕರು ಬಂದು ನನ್ನನ್ನು ಸುತ್ತುವರಿದು ನಿಂತರು. ಒಬ್ಬ ಕಿವಿಯ ಹತ್ತಿರ ಬಗ್ಗಿ ಒಂದೇ ಮಾತನ್ನು ಮೆಲ್ಲಗೆ, ಮತ್ತೆ ಮತ್ತೆ ಹೇಳಿದ. ಅರ್ಥವಾಗಲಿಲ್ಲ. ಎದುರಿದ್ದವರೆಲ್ಲ ಕಿಟಕಿಯಾಚೆ ನೋಡತೊಡಗಿದ್ದು ಮಾತ್ರ ಅರ್ಥವಾಯಿತು.

ನನ್ನ ಗಂಡ ಶೃಂಗೇರಿಯ ವಸತಿಗೃಹವೊಂದರಲ್ಲಿ ಅಡುಗೆ ಮಾಡುತ್ತಿದ್ದವರು; ಇಲ್ಲಿನ ಭಾರತೀಯ ಹೋಟೆಲಿಗೆ ಕೆಲಸಕ್ಕೆ ಬಂದರು. ನಾನು ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದೆ. ಜೊತೆಗಿದ್ದವಳು ವಿಯೆಟ್ನಾಮಿನ ಲಾನ್. ಇಬ್ಬರದೂ ಹರುಕುಮುರುಕು ಜರ್ಮನ್. ಟ್ರಾಮಿನಲ್ಲಿ ಕೇಳಿದ ಮಾತನ್ನು ಅವಳಿಗೆ ಹೇಳಿ ಅರ್ಥ ಕೇಳಿದೆ. ಅವಳು ಹೇಳಲಿಲ್ಲ, ಆಫೀಸಿನ ಕಂಪ್ಯೂಟರಿನ ಮುಂದೆ ಕೂರಿಸಿದಳು.

ಇಲ್ಲಿ ಎಲ್ಲಿಂದ ಎಲ್ಲಿಗೆ ಅಂತ ಬರೆದರೆ ಯಾವ ಬಸ್ಸು, ಯಾವ ಟ್ರಾಮು ಅಂತ ಕಂಪ್ಯೂಟರೇ ದಾರಿ ತೋರಿಸುತ್ತದೆ. ನಮ್ಮ ಕೊಪ್ಪದಲ್ಲಾದರೆ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಆಗುತ್ತಿತ್ತು. ಲಾನ್ ಸೆಟ್ಟಿಂಗ್ಸ್ ತೆರೆದು, ‘ಬೇಡವಾದ ಲೀನಿಯೆ’ ಎಂಬ ಖಾನೆಯಲ್ಲಿ ನನ್ನ ಟ್ರಾಮಿನ ನಂಬರು 4 ಒತ್ತಿದಳು. ಲೀನಿಯೆ ಅಂದರೆ ಲೈನು. ಒಂದೇ ಟ್ರಾಮಿನ ದಾರಿ ಎರಡು ಬಸ್ಸಾಗಿ ಊರು ಸುತ್ತಿತು.

“ನೀನು ಯಾವುದನ್ನು ಬಿಟ್ಟಿದ್ದೀಯ?”

ಅವಳು ತನ್ನ ಪುಟ ತೆರೆದಳು. ಖಾನೆ ತುಂಬ ನಂಬರುಗಳು. “ಒಂದೊಂದೇ ಸೇರಿದವು” ಅಂದಳು.

ನನ್ನದೂ ಹಾಗೇ ಆಯಿತು. ಅದೇ ಯುವಕರು ಬಸ್ಸಿನಲ್ಲೂ ಸಿಕ್ಕರು. ಆ ಬಸ್ಸನ್ನು ತೆಗೆದೆ, ಆಮೇಲೆ ಇನ್ನೊಂದನ್ನು. ಕೊನೆಗೊಂದು ದಿನ ಮನೆಗೆ ದಾರಿ ಕೇಳಿದರೆ, ‘ಸಂಪರ್ಕ ಸಿಗಲಿಲ್ಲ’ ಎಂದು ಬಂತು.

ಫೋನಿನಲ್ಲಿ ಅಕ್ಕ, “ಎಂತಕ್ಕೆ ಅಲ್ಲಿ ಒದ್ದಾಡ್ತೀಯ ಮಾರಾಯ್ತಿ, ಬಂದ್ಬಿಡು” ಅಂದಳು.

“ಬಂದು ಎಂತ ಮಾಡದು ಅಕ್ಕಾ? ಇವರ ಕೆಲಸ ಇಲ್ಲೇ ಇದೆ.”

ಆ ವಾರ ಲಾನ್ ಕೆಲಸಕ್ಕೆ ಬರಲಿಲ್ಲ. ಬಂದಾಗ ಕೈಗೆ ಪ್ಲಾಸ್ಟರ್ ಹಾಕಿತ್ತು, ಕಣ್ಣಿನ ಕೆಳಗೆ ಕಪ್ಪು.

“ಯಾವ ಲೈನಿನಲ್ಲಿ?” ಅಂದೆ.

“ನಡೆದುಕೊಂಡು ಹೋಗ್ತಿದ್ದೆ.”

ಅವತ್ತೇ ನನ್ನ ಖಾನೆಯಲ್ಲಿದ್ದ ನಂಬರುಗಳನ್ನೆಲ್ಲ ಅಳಿಸಿದೆ. ಈಗ ನಾವಿಬ್ಬರೂ ನಾಲ್ಕನೇ ನಂಬರಿನಲ್ಲೇ, ಡ್ರೈವರಿನ ಹಿಂದೆ ಅಂಟಿಕೊಂಡು ಕೂತು ಹೋಗುತ್ತೇವೆ. ಧೈರ್ಯ ಬಂತು ಅಂತಲ್ಲ. ಆ ಯುವಕರು ಈಗಲೂ ಹತ್ತುತ್ತಾರೆ. ಈಚೆಗೆ ಆ ಮಾತು ಹೇಳುವುದಿಲ್ಲ, ನಾವು ಇಳಿಯುವ ನಿಲ್ದಾಣದ ಹೆಸರನ್ನು ನಮಗಿಂತ ಮೊದಲೇ ಹೇಳಿ ನಗುತ್ತಾರೆ.

ಹೋದ ಬೇಸಗೆಯಲ್ಲಿ ಊರಿಗೆ ಹೋಗಿದ್ದೆ. ಕೊಪ್ಪದಲ್ಲಿ ನರಸಿಂಹರಾಜಪುರದ ಬಸ್ಸು ಬಂತು. ನಾನು ಹತ್ತದೆ, ಒಂದೊಂದೇ ಕಿಟಕಿಯಲ್ಲಿ ಇಣುಕುತ್ತ ಹಿಂದಿನವರೆಗೂ ಹೋದೆ.

“ಎಂತ ಹುಡುಕ್ತೀರಿ ಅಕ್ಕಾ? ಸೀಟಿದೆ, ಹತ್ತಿ” ಅಂದ ಕಂಡಕ್ಟರ್.

ಹಿಂದಿನ ಸೀಟಿನಲ್ಲಿ ಕೆಲವು ಯುವಕರು ನಗುತ್ತಿದ್ದರು. ನಮ್ಮೂರಿನವರೇ, ನನ್ನದೇ ಮಾತು ಆಡುವವರು. ಅವರ ನಗು ಯಾವುದಕ್ಕೋ ಏನೋ.

“ನೀವು ಹೋಗಿ, ಮುಂದಿನ ಬಸ್ಸಿಗೆ ಬರ್ತೀನಿ” ಅಂದೆ.