ಹಾಸು ಕೀಳದ ಆಟ

ಆಕೆಯ ಬಲಗೈ ಹೆಬ್ಬೆರಳಿನ ತುದಿ ಜಡ್ಡುಗಟ್ಟಿ ಹೊಳೆಯುತ್ತಿತ್ತು. ಆಕೆಯ ಅಪ್ಪನ ಕೈಯೂ ಜಡ್ಡುಗಟ್ಟಿದ್ದೇ. ಅವರದು ಜೀವಮಾನವೆಲ್ಲ ಕೈಮಗ್ಗದ ಹಗ್ಗ ಜಗ್ಗಿ ಬಂದದ್ದು, ಮಗಳದು ವಿಡಿಯೊ ಗೇಮಿನ ಗುಂಡಿ ಒತ್ತಿ ಬಂದದ್ದು. ಬೆಟಗೇರಿಯ ನಮ್ಮ ಓಣಿಯಲ್ಲಿ ಆಕೆ ಎದುರುಮನೆಯವಳು. ಆಟ ಬರೆಯುವುದು ಆಕೆಯ ಉದ್ಯೋಗ.

ನಾನು ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ಐದಕ್ಕೆ ಏಳುವುದು, ಆರಕ್ಕೆ ನಡಿಗೆ, ಏಳಕ್ಕೆ ಸ್ನಾನ. ನಿವೃತ್ತನಾದ ಮೇಲೂ ಇದು ತಪ್ಪಿಲ್ಲ. ಬೆವರು ಬಾರದ್ದು ಆಟವೇ ಅಲ್ಲವೆಂದು ನಂಬಿದ್ದೆ. ಆಟ ಬರೆಯುವುದೆಂದರೇನು ಎಂದು ಕೇಳಿದ್ದಕ್ಕೆ ಆಕೆ, "ಸರ್ರ, ಕಬಡ್ಡಿಗೆ ಯಾರರ ಗೆರಿ ಹಾಕಿರಬೇಕಲ್ರೀ? ನಾ ಗೆರಿ ಹಾಕಾಕಿ" ಎಂದಳು.

ಯಾವ ಕಂಪನಿಯ ನೌಕರಿಯೂ ಇರಲಿಲ್ಲ. ಮೇಜಿನ ಮೇಲೆ ಹರವಿ ಆಡುವ ಆಟಗಳಿಗೆ ನಿಯಮ, ಕಥೆ, ಕಾರ್ಡಿನ ಮಾತು ಬರೆದು ಕೊಡುತ್ತಿದ್ದಳು. ಬದುಕಿನ ಕೊನೆಯ ವರ್ಷ ಕೈಯಲ್ಲಿ ಮೂರು ಕೆಲಸಗಳಿದ್ದವು: ಹೊರದೇಶದವರಿಗೆ ಹಡಗಿನದೊಂದು, ಶಾಲಾ ಮಕ್ಕಳಿಗೆ ಕೆರೆ ತುಂಬಿಸುವುದೊಂದು, ಮೂರನೆಯದು ತನ್ನದೇ, ಸೀರೆ ನೇಯುವ ಆಟ. ಅಷ್ಟರಲ್ಲಿ ಆಕೆಯ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆರಡು ದಿನ ಡಯಾಲಿಸಿಸ್‌ಗೆ ಹೋಗುತ್ತಿದ್ದಳು. "ಬ್ಯಾರೆ ಎರಡು ಯಾರರ ಬರದಾರು. ಇದನ್ನ ಮಾತ್ರ ಮುಗಿಸೇ ಹೋಗಬೇಕ್ರಿ" ಎಂದು ಒಮ್ಮೆ ಹೇಳಿದಳು.

ದಿನಾ ನಾಲ್ಕಕ್ಕೆ ಸರಿಯಾಗಿ ಒಂದು ಗಂಟೆ ವಿಡಿಯೊ ಗೇಮ್ ಆಡುತ್ತಿದ್ದಳು. ಆ ಸಮಯಪಾಲನೆ ಕಂಡೇ ನನಗೆ ಆಕೆಯ ಮೇಲೆ ಗೌರವ ಬಂದದ್ದು. ಒಂದು ದಿನ ನಾನು ಹೋದಾಗ ಪರದೆಯ ಮೇಲಿನ ಮನುಷ್ಯನನ್ನು ಬೇಕೆಂದೇ ಮತ್ತೆ ಮತ್ತೆ ಹೊಂಡಕ್ಕೆ ಬೀಳಿಸುತ್ತಿದ್ದಳು.

"ಇದೇನವ್ವಾ, ಸೋಲೂದು ಕಲ್ಯಾಕ ಹತ್ತೀಯೇನು?"

"ಸೋತಾವಗ ಆಟ ಏನ ಹೇಳತೈತಿ ನೋಡಾಕತ್ತೇನ್ರಿ. ಗೆದ್ದಾವನ್ನ ಎಲ್ಲಾರೂ ಮಾತಾಡಸ್ತಾರ."

ಇದನ್ನು ನಾನು ಶಾಲೆಯಲ್ಲಿದ್ದಾಗ ಕೇಳಬೇಕಿತ್ತು.

ಸೀರೆಯ ಆಟದ ಪರೀಕ್ಷೆಗೆ ನಮ್ಮನ್ನೇ ಕೂರಿಸಿದಳು: ನಾನು, ನನ್ನ ಹೆಂಡತಿ, ಆಕೆಯ ಅಪ್ಪ. ಪರೀಕ್ಷೆಯ ಹೊತ್ತಿನಲ್ಲಿ ಬರೆದವರು ಬಾಯಿ ಬಿಡಬಾರದೆಂಬುದು ಆ ಕಸುಬಿನ ಪದ್ಧತಿ. "ಆಟದ ಪೆಟ್ಟಿಗಿ ಜೋಡಿ ನಾ ಎಲ್ಲಾರ ಮನಿಗೂ ಹೋಗಾಕ ಆಕ್ಕೈತೇನ್ರಿ? ನಿಯಮದ ಪುಸ್ತಕನ ಹೇಳಬೇಕು" ಎಂದು ಪೆನ್ಸಿಲ್ ಕಚ್ಚಿ ಕುಳಿತಳು. ಒಬ್ಬೊಬ್ಬರಿಗೂ ಒಂದು ಪುಟ್ಟ ಚೌಕಟ್ಟು. ಅದರಲ್ಲಿ ಉದ್ದಕ್ಕೆ ಕಟ್ಟಿದ ಎಳೆಗಳ ಹಾಸು. ದಾಳ ಬಿದ್ದಷ್ಟು ಅಡ್ಡ ಎಳೆ ಹಾಕಬೇಕು.

ಅರ್ಧ ಆಟಕ್ಕೆ ಅಪ್ಪ ಎದ್ದರು. "ಕಾಲು ಜೋಮು ಹಿಡದಾವು. ನೀವು ಆಡ್ರಿ."

ನಾನು ಪುಸ್ತಕ ತೆರೆದೆ. ಹದಿನೇಳನೆಯ ನಿಯಮ: ಎದ್ದು ಹೋದವರ ಎಳೆಗಳನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿ. ಅವರ ಚೌಕಟ್ಟಿಗೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದರು.

"ಏ ಮಾಸ್ತರ, ಕೈ ತಗೀರಿ! ಮಗ್ಗದ ಮ್ಯಾಲಿನ ಹಾಸು ಯಾವನರ ಕೀಳತಾನೇನು?"

"ಪುಸ್ತಕದಾಗ ಬರದೈತ್ರಿ."

"ಬಿಡ್ರಿ ಕಾಕಾ, ಇವರು ಊಟಕ್ಕ ಕುಂತರೂ ಸೀಟಿ ಊದಾವ್ರು" ಎಂದಳು ನನ್ನ ಹೆಂಡತಿ.

ಅಪ್ಪ ನಗಲಿಲ್ಲ. "ನನ್ನ ಮಗಳ ಅವ್ವ ಬಾಣಂತನಕ್ಕ ಹೋದಾಗ ಆಕಿ ಅರ್ಧ ನೇಯ್ದ ಸೀರಿ ನಾ ಕುಂತು ಮುಗಿಸೇನಿ. ಒಬ್ಬರು ಎದ್ರ ಮತ್ತೊಬ್ಬರು ಕುಂಡ್ರೂದು. ಎಳಿ ಕೂಡಿಸಿದ ಗಂಟು ಕೈಗೆ ಹತ್ತಬಾರದು, ಅಷ್ಟ."

ಮಗಳು ತನ್ನ ಪದ್ಧತಿ ಮುರಿದು ಬಾಯಿ ಬಿಟ್ಟಳು. "ಅಪ್ಪಾ, ಇದನ್ನ ಮೊದಲ ಯಾಕ ಹೇಳಲಿಲ್ಲ?"

"ನೀ ಎಂದರ ಕೇಳಿದಿ?"

ಆಕೆ ಹದಿನೇಳನೆಯ ನಿಯಮದ ಮೇಲೆ ಗೆರೆ ಎಳೆದಳು. ಆಟ ಅಲ್ಲಿಗೇ ನಿಂತಿತು.

ಎರಡು ತಿಂಗಳ ನಂತರ ಆಸ್ಪತ್ರೆಗೆ ಹೋದವಳು ಮರಳಲಿಲ್ಲ.

ಕ್ರಿಯಾಕರ್ಮಗಳೆಲ್ಲ ಮುಗಿದ ಮೇಲೆ ಅಪ್ಪ ಆಕೆಯ ನೋಟ್‌ಬುಕ್ ತಂದರು. ಅವರಿಗೆ ಓದು ಬಾರದು. ಹೊಸ ಹದಿನೇಳನೆಯ ನಿಯಮವನ್ನು ಓದಿ ಹೇಳಿದೆ: 'ಒಬ್ಬರು ಎದ್ದು ಹೋದರೆ ಅವರ ಹಾಸು ಕೀಳಬೇಡಿ. ಪಕ್ಕದಲ್ಲಿ ಕುಳಿತವರು ಮುಂದುವರಿಸಲಿ.' ಅದರ ಕೆಳಗೆ ಹದಿನೆಂಟರಿಂದ ಇಪ್ಪತ್ತೆರಡರವರೆಗೆ ಬರೀ ಅಂಕಿಗಳು. ಮುಂದೆ ಖಾಲಿ.

ಅಪ್ಪ ನೋಟ್‌ಬುಕ್ಕನ್ನು ನನ್ನ ಕಡೆ ಸರಿಸಿದರು. "ಮಾಸ್ತರ, ಪಕ್ಕದಾಗ ಕುಂತಾವ್ರು ನೀವ."

ಹಾಜರಿಪುಸ್ತಕ ಬಿಟ್ಟು ಏನೂ ಬರೆದವನಲ್ಲ ನಾನು. ಆದರೂ ದಿನಾ ಒಂಬತ್ತರಿಂದ ಹತ್ತರವರೆಗೆ ಕುಳಿತೆ. ಬರೆದದ್ದನ್ನು ಲಕ್ಷ್ಮೇಶ್ವರದ ತಂಗಿಯ ಮನೆಯಲ್ಲಿ ಆಡಿಸಿ ನೋಡಿದೆ. ಅವರು ತಪ್ಪು ಮಾಡಿದಾಗಲೆಲ್ಲ ತುಟಿ ಬಿಗಿದುಕೊಂಡು ಕುಳಿತೆ. ಅದು ನನಗೆ ಹೊಸ ಶಿಸ್ತು. ಕೊನೆಯ ನಿಯಮಕ್ಕೆ ಬಂದು ನಾಲ್ಕು ದಿನ ಪೆನ್ನು ಸಾಗಲಿಲ್ಲ. ಗೆಲುವನ್ನು ಘೋಷಿಸುವುದು ನನಗೆ ಗೊತ್ತಿತ್ತು. ಐದನೆಯ ದಿನ ಬರೆದೆ: 'ಸೋತವರು ತಮ್ಮ ನೇಯ್ಗೆಯನ್ನು ಎತ್ತಿ ತೋರಿಸಲಿ. ಅದರಲ್ಲಿ ಚೆಂದ ಕಂಡದ್ದನ್ನು ಉಳಿದವರೆಲ್ಲ ಹೇಳಲಿ.'

ಮುದ್ರಣಾಲಯಕ್ಕೆ ಕೊಟ್ಟು ಅಚ್ಚು ಹಾಕಿಸಿದ ಆಟದ ಮೊದಲ ಪೆಟ್ಟಿಗೆ ಬಂದಾಗ ಎದುರುಮನೆಗೆ ಒಯ್ದೆ.

"ಆಕಿ ಎಲ್ಲಿ ಬಿಟ್ಲು? ನೀವು ಎಲ್ಲಿ ಹಿಡದ್ರಿ?" ಎಂದು ಅಪ್ಪ ಕೇಳಿದರು.

ಪುಟ ತೆರೆದು ಜಾಗ ತೋರಿಸಿದೆ. ಅವರು ಜಡ್ಡುಗಟ್ಟಿದ ಹೆಬ್ಬೆರಳನ್ನು ಆ ಸಾಲುಗಳ ಮೇಲೆ ಮೆಲ್ಲಗೆ, ಎರಡು ಸಲ ಆಡಿಸಿದರು.

"ಗಂಟು ಕೈಗೆ ಹತ್ತವಲ್ದು" ಎಂದರು.