ಟೆಂಪೋ ಭಾಯ್ ಕಟ್ಟಿದ ಹಾಡುಗಳು

ಗಂಟಲಿನ ಆಪರೇಷನ್ ಆದ ಮೇಲೆ ನಾನು ಹಾಡಿಲ್ಲ. ಅದಕ್ಕೂ ಮೊದಲು ಬಹಳ ವರ್ಷ ಶಿರಸಿಯ ಒಂದು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. ಹಗಲು ಸೀರೆ ಅಂಗಡಿಯಲ್ಲಿ ಕೆಲಸ, ಸಂಜೆ ಆರತಕ್ಷತೆಯ ವೇದಿಕೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸುತ್ತಲಿನ ಕಲ್ಯಾಣ ಮಂಟಪಗಳಲ್ಲಿ ನಾನು ಹಾಡದೇ ಬಿಟ್ಟದ್ದು ಕಡಿಮೆ. ಅಲ್ಲಿ ಯಾರೂ ಹಾಡು ಕೇಳಲಿಕ್ಕೆಂದು ಬಂದವರಲ್ಲ. ಸಾಲಿನಲ್ಲಿ ನಿಂತು ಉಡುಗೊರೆ ಕೊಟ್ಟು, ಫೋಟೋ ತೆಗೆಸಿಕೊಂಡು, ಊಟಕ್ಕೆ ಹೋಗುವವರು. ನಾವು ಅವರ ಮಾತಿನ ಹಿಂದೆ ಸದ್ದು ಮಾಡುವವರು.

ಆದರೂ ಕೆಲವು ಹಾಡುಗಳಿಗೆ ಮಾತ್ರ ತಟ್ಟೆ ಹಿಡಿದವರು ತಲೆ ಎತ್ತುತ್ತಿದ್ದರು. ಅದೇ ಕೀಬೋರ್ಡು, ಅದೇ ತಬಲಾ, ಅದೇ ನಾನು. ಹಾಗಾದರೆ ಈ ಹಾಡಿನಲ್ಲಿ ಏನಿದೆ ಎಂದು ಯೋಚಿಸುತ್ತಿದ್ದೆ. ನನಗೆ ತುಂಬ ಇಷ್ಟವಾದ ಸಿನೆಮಾ ಕವಿ ಒಬ್ಬರಿದ್ದಾರೆ. ಹೆಸರು ಹೇಳಿದರೆ ಹಾಡು ಬಿಟ್ಟು ಹೆಸರಿನ ಬಗ್ಗೆಯೇ ಮಾತು ಶುರುವಾಗುತ್ತದೆ, ಹಾಗಾಗಿ ಹೇಳುವುದಿಲ್ಲ. ಅವರ ಹಾಡಿನಲ್ಲಿ ಹೆಣ್ಣು ಚಂದ್ರನ ಹಾಗೆ ಇರುವುದಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಾಗಿಲಿಗೆ ಬರುತ್ತಾಳೆ. ಆ ಒದ್ದೆ ಕೈಯ ಸಾಲು ಬಂದಾಗ ಸಾರು ಬಡಿಸುವ ಹೆಂಗಸರೂ ಒಂದು ಕ್ಷಣ ನಿಲ್ಲುವುದನ್ನು ನಾನು ಕಂಡಿದ್ದೇನೆ. ಇನ್ನೊಬ್ಬರು ಹಾಡಿನಲ್ಲಿ ಒಂದು ಪ್ರಶ್ನೆ ಕೇಳಿ ಉತ್ತರ ಕೊಡದೇ ಬಿಡುತ್ತಿದ್ದರು. ಅಂಥ ಹಾಡು ಮುಗಿದ ಮೇಲೂ ಕೈತೊಳೆಯುವ ನಲ್ಲಿಯ ಹತ್ತಿರ ಯಾರಾದರೂ ಅದನ್ನೇ ಗುನುಗುತ್ತಿದ್ದರು. ಉಳಿದ ಹಾಡುಗಳಲ್ಲಿ ಹೃದಯ, ಕನಸು, ಉಸಿರು, ಮತ್ತೆ ಹೃದಯ. ಒಮ್ಮೆ ನಾನು ಒಂದು ಹಾಡಿನ ಎರಡನೇ ಚರಣವನ್ನು ಇನ್ನೊಂದು ಹಾಡಿಗೆ ಸೇರಿಸಿ ಹಾಡಿಬಿಟ್ಟೆ. ಮಂಟಪದಲ್ಲಿ ಯಾರಿಗೂ ತಿಳಿಯಲಿಲ್ಲ. ನಮ್ಮ ಕೀಬೋರ್ಡಿನವನಿಗೂ ತಿಳಿಯಲಿಲ್ಲ.

ಹಾಡಿನ ಮಾತು ಹೇಗಿರಬೇಕೆಂದು ನನಗೆ ಮೊದಲು ಗೊತ್ತಾದದ್ದು ಅಮ್ಮನಿಂದ. ಸಿದ್ದಾಪುರದ ಕಡೆ ನಮ್ಮ ಊರಿನ ಗದ್ದೆಗಳಲ್ಲಿ ನಾಟಿ ಮಾಡುವಾಗ ಅವಳು ಮುಂದಾಳಾಗಿ ಹಾಡುತ್ತಿದ್ದಳು. ಅವಳು ಒಂದು ಸಾಲು ಹೇಳಿದರೆ ಹಿಂದಿನವರು ಅದನ್ನು ಹಿಡಿದು ತಿರುಗಿ ಹೇಳಬೇಕು. ಕೆಸರಿನಲ್ಲಿ ಬಗ್ಗಿ ನಿಂತವರಿಗೆ ಎರಡನೇ ಸಲ ಕೇಳುವ ಪುರುಸೊತ್ತಿಲ್ಲ. ಒಂದೇ ಸಲಕ್ಕೆ ಕೈಗೆ ಸಿಗುವ ಮಾತು ಬೇಕು. ಸಿಗದ ಸಾಲನ್ನು ಮರುವರ್ಷ ಯಾರೂ ಹಾಡುತ್ತಿರಲಿಲ್ಲ. ಅಲ್ಲಿಗೆ ಅದರ ಕತೆ ಮುಗಿಯಿತು. ಆ ಹಾಡುಗಳನ್ನು ಕಟ್ಟಿದವರು ಯಾರು ಎಂದು ಅಮ್ಮನನ್ನು ಕೇಳಿದರೆ ಅವಳಿಗೆ ನಗು ಬರುತ್ತಿತ್ತು.

ನನ್ನ ಪಾಲಿಗೆ ಎಲ್ಲರಿಗಿಂತ ದೊಡ್ಡ ಕವಿ ಎಂದರೆ ನಮ್ಮ ಆರ್ಕೆಸ್ಟ್ರಾದ ಸ್ಪೀಕರ್ ಡಬ್ಬಗಳನ್ನು ಸಾಗಿಸುತ್ತಿದ್ದ ಟೆಂಪೋ ಚಾಲಕರು. ಯಲ್ಲಾಪುರದವರು. ಅವರ ತಂದೆಯದೂ ಲಾರಿ ಕೆಲಸ, ಅಣ್ಣಂದಿರದೂ ಅದೇ. ನಾವೆಲ್ಲ ಅವರನ್ನು ಭಾಯ್ ಎನ್ನುತ್ತಿದ್ದೆವು. ಬೇರೆ ಚಾಲಕರು ಸಾಮಾನು ಇಳಿಸಿ ಟೆಂಪೋದಲ್ಲಿ ಮಲಗಿಬಿಟ್ಟರೆ ಇವರು ವೇದಿಕೆಯ ಬದಿಗೆ ಕುರ್ಚಿ ಎಳೆದುಕೊಂಡು ಕೊನೆಯ ಹಾಡಿನವರೆಗೆ ಕೂರುತ್ತಿದ್ದರು. ಒಂದು ದಿನ ಸಿದ್ದಾಪುರದಲ್ಲಿ ಕಾರ್ಯಕ್ರಮ ಮುಗಿದು ವೈರು ಸುತ್ತುವಾಗ ನನ್ನ ಹತ್ತಿರ ಬಂದರು.

“ಅಕ್ಕಾರ, ಎರಡನೇ ಹಾಡಿನ್ಯಾಗ ಒಂದು ಶಬ್ದ ನುಂಗಿದ್ರಿ.”

ನುಂಗಿದ್ದು ಹೌದು. ಉಸಿರು ಸಾಲದೇ ಬಿಟ್ಟಿದ್ದೆ. ಹಾಗೆಂದು ಹೇಳಿದೆ. ತಪ್ಪು ನಿಮ್ಮದಲ್ಲ, ಬರೆದವರದು ಎಂದರು ಅವರು. ಬರೆದವರು ಹಾಡುವವರ ಎದೆ ನೋಡಿ ಬರೆದಿಲ್ಲವಂತೆ. ಆಮೇಲೆ ಸ್ವಲ್ಪ ನಾಚಿಕೊಂಡು ತಾನೂ ಹಾಡು ಕಟ್ಟುತ್ತೇನೆ, ಕೇಳುತ್ತೀರಾ ಎಂದರು.

ನಾನು ಮನಸ್ಸಿನಲ್ಲೇ ತಲೆ ಚಚ್ಚಿಕೊಂಡೆ. ವೇದಿಕೆಯ ಮೇಲೆ ಹಾಡುವವರಿಗೆ ಇಂಥ ಕವಿಗಳ ಕಾಟ ಇದ್ದದ್ದೇ. ಇವರು ಮಾತ್ರ ಟೆಂಪೋದ ಹಿಂಬಾಗಿಲಿಗೆ ಒರಗಿ, ಹಾಡದೇ, ಬರೀ ಮಾತಿನಂತೆ ಎರಡು ಸಾಲು ಹೇಳಿದರು.

ಬಾಗಿಲು ತೆರೆದೇ ಇದೆ, ಬರುವವರ ಸುದ್ದಿಯಿಲ್ಲ
ಗಾಳಿಯೊಂದು ಬಂತು, ಅದಕೆ ಕೂರಲು ಬರುವುದಿಲ್ಲ

ನನ್ನ ಕೈಯಲ್ಲಿದ್ದ ವೈರು ಹಾಗೇ ಉಳಿಯಿತು. ಇನ್ನೊಮ್ಮೆ ಹೇಳಿ ಎನ್ನಬೇಕಾಗಲಿಲ್ಲ. ಅಷ್ಟರಲ್ಲಿ ಅದು ನನಗೆ ಬಾಯಿಪಾಠವಾಗಿತ್ತು.

ಆಮೇಲೆ ಅವರು ಕಟ್ಟಿದ್ದನ್ನೆಲ್ಲ ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸತೊಡಗಿದರು. ಹಿಂದೆ ಇಂಜಿನ್ನಿನ ಸದ್ದು, ಹಾರ್ನಿನ ಸದ್ದು. ಅವರು ಓದಿದ್ದು ಉರ್ದು ಶಾಲೆಯಲ್ಲಿ, ಹಾಡು ಬರುವುದು ಮಾತ್ರ ಕನ್ನಡದಲ್ಲಿ. ಯಾಕೆಂದು ಕೇಳಿದಾಗ ದಾರಿಯ ಬೋರ್ಡುಗಳೆಲ್ಲ ಕನ್ನಡದಲ್ಲೇ ಇವೆಯಲ್ಲ ಎಂದಿದ್ದರು. ಘಟ್ಟ ಇಳಿಯುವಾಗ ಕಟ್ಟಿದ ಹಾಡೊಂದರಲ್ಲಿ, ಇಳಿಜಾರಿನಲ್ಲಿ ಬ್ರೇಕು ಹಿಡಿದ ಹಾಗೆ ನಿನ್ನ ಹೆಸರು ಹಿಡಿದಿದ್ದೇನೆ, ಹಿಡಿದರೆ ಸುಟ್ಟ ವಾಸನೆ, ಬಿಟ್ಟರೆ ಕೆಳಗೆ ಕಣಿವೆ ಎಂದಿತ್ತು. ಹೃದಯ ಎಂಬ ಶಬ್ದವನ್ನು ಅವರು ಮುಟ್ಟುತ್ತಿರಲಿಲ್ಲ.

“ಎದಿ ಅಂದ್ರ ಕೈ ಇಟ್ಟು ತೋರಸ್ಬಹುದು ಅಕ್ಕಾರ. ಹೃದಯ ಡಾಕ್ಟ್ರೇ ತೋರಸ್ಬೇಕು.”

ಎಲ್ಲ ಹಾಡೂ ಒಳ್ಳೆಯದಿತ್ತೆಂದಲ್ಲ. ಪ್ರಾಸಕ್ಕೆ ಜೋತುಬಿದ್ದು ಕೆಟ್ಟದ್ದನ್ನೂ ಕಟ್ಟುತ್ತಿದ್ದರು. ಚೆನ್ನಾಗಿಲ್ಲ ಎಂದರೆ ನಾಲ್ಕು ದಿನ ಮಾತಾಡುತ್ತಿರಲಿಲ್ಲ. ಸಿನೆಮಾಕ್ಕೆ ಬರೆಯುವ ಆಸೆ ಅವರಿಗೆ ಬಹಳ ಇತ್ತು. ಯಾರೋ ನಿರ್ದೇಶಕರ ಕಡೆಯವರು ಯಲ್ಲಾಪುರದ ಜಲಪಾತಗಳಲ್ಲಿ ಚಿತ್ರೀಕರಣಕ್ಕೆ ಬಂದಾಗ ಇವರು ಇಡೀ ದಿನ ಗೇಟಿನ ಹತ್ತಿರ ನಿಂತು ವಾಪಸಾಗಿದ್ದರು.

ವಾನಳ್ಳಿಯ ಒಂದು ಗೃಹಪ್ರವೇಶದಲ್ಲಿ ನಾನು ಅವರ ಬಾಗಿಲಿನ ಹಾಡಿಗೆ ರಾಗ ಹಾಕಿ ಮೊದಲ ಬಾರಿಗೆ ಹಾಡಿದೆ. ಹೊಸ ಮನೆಯ ಸಮಾರಂಭಕ್ಕೆ ಸರಿಯಾಗುತ್ತದೆಂದು ಧೈರ್ಯ ಮಾಡಿದ್ದೆ. ಪಲ್ಲವಿ ಮುಗಿಯುವಷ್ಟರಲ್ಲಿ ಮನೆಯ ಯಜಮಾನರು ಬಂದು ಇದು ಯಾವ ಸಿನೆಮಾದ್ದು ಎಂದು ಕೀಬೋರ್ಡಿನವನನ್ನು ವಿಚಾರಿಸಿದರು. ಸಿನೆಮಾದ್ದಲ್ಲ ಎಂದು ತಿಳಿದಾಗ, ಒಳ್ಳೆ ದಿನ ಯಾರೂ ಬಾರದ ಮನೆಯ ಹಾಡು ಯಾಕೆ, ಏನಾದರೂ ಕುಣಿಯುವಂಥದ್ದು ಹಾಕಿ ಎಂದರು. ಅವರು ಹೇಳಿದ್ದು ತಪ್ಪೇನಲ್ಲ. ನಾನು ಹಾಡನ್ನು ಅಲ್ಲಿಗೇ ಬಿಟ್ಟು ಕುಣಿಯುವಂಥದ್ದು ಶುರುಮಾಡಿದೆ. ಕುರ್ಚಿಯಲ್ಲಿ ಕೂತಿದ್ದ ಭಾಯ್ ಎದ್ದು ಟೆಂಪೋದ ಕಡೆ ಹೋದರು.

ಆಮೇಲೆ ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಬಾಗಿಲಿನ ಹಾಡನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೂ ಹಾಕಿದೆವು. ಕೇಳಿದವರೆಲ್ಲ ನಮಗೆ ಗೊತ್ತಿದ್ದವರೇ. ಒಬ್ಬರು ಮಾತ್ರ ಗುರುತಿಲ್ಲದವರು, ಸೀರೆ ಚೆನ್ನಾಗಿದೆ, ಎಲ್ಲಿ ಸಿಗುತ್ತದೆ ಎಂದು ಕೇಳಿದ್ದರು. ಆ ಸಂಜೆ ನಾವಿಬ್ಬರೂ ಫೋನಿನಲ್ಲಿ ನಕ್ಕೆವು. ಆಮೇಲಿನ ದಿನಗಳಲ್ಲಿ ಅದು ನಗುವಂಥದ್ದಾಗಿ ಉಳಿಯಲಿಲ್ಲ.

ನನ್ನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡದ್ದು ಅದರ ಮರುವರ್ಷ. ಥೈರಾಯ್ಡ್, ತೆಗೆಯಲೇಬೇಕು ಎಂದರು. ದನಿಯ ನರ ಗಂಟಿಗೆ ಅಂಟಿಕೊಂಡಿದೆ, ಏನೂ ಹೇಳಲಾಗದು ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಆಪರೇಷನ್ ಮುಗಿದು ಎಚ್ಚರವಾದಾಗ ನೀರು ಎನ್ನಲು ಹೋದೆ. ಬಾಯಿಂದ ಬಂದದ್ದು ಗಾಳಿ. ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕಾಯಿರಿ ಎಂದರು. ಕಾದೆ. ದಿನಾ ಬೆಳಿಗ್ಗೆ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಆ ಎಂದು ನೋಡುತ್ತಿದ್ದೆ. ಪಿಸುಮಾತಿನಷ್ಟು ಬಂತು, ಅಲ್ಲಿಗೇ ನಿಂತಿತು. ಅಂಗಡಿಯಲ್ಲಿ ಗಿರಾಕಿಗಳು ನನ್ನ ಬಾಯಿಯ ಹತ್ತಿರ ಕಿವಿ ತರುತ್ತಿದ್ದರು. ಮಾಲೀಕರು ನನ್ನನ್ನು ಸೀರೆ ಮಡಿಸುವ ಕಡೆಗೆ ಹಾಕಿದರು. ಆರ್ಕೆಸ್ಟ್ರಾಕ್ಕೆ ಕಾಲೇಜಿನ ಹುಡುಗಿಯೊಬ್ಬಳು ಬಂದಳು. ಚೆನ್ನಾಗಿಯೇ ಹಾಡುತ್ತಾಳೆ.

ಭಾಯ್ ಹೆಂಡತಿಯನ್ನು ಕರೆದುಕೊಂಡು ನೋಡಲು ಬಂದಿದ್ದರು. ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಆ ದಿನ ರಜೆಯಲ್ಲಿದ್ದರು. ಗಂಡಸರಿಬ್ಬರೂ ಗೇರ್‌ಬಾಕ್ಸಿನ ವಿಚಾರ ಮಾತಾಡಿದರು. ಹೊರಡುವಾಗ ಭಾಯ್ ನನ್ನ ಕಡೆ ತಿರುಗಿ, “ಬರ್ತೈತ್ರಿ ದನಿ, ಬರ್ತೈತಿ” ಎಂದರು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡೇ ನಿಂತಿದ್ದರು. ಬರುವುದಿಲ್ಲವೆಂದು ಆಕೆಗೆ ಗೊತ್ತಾಗಿತ್ತು ಎಂದು ಈಗ ಅನಿಸುತ್ತದೆ.

ಕೆಲವು ತಿಂಗಳು ಫೋನಿಗೆ ಹಾಡು ಬರುತ್ತಲೇ ಇತ್ತು. ಕೇಳಿದಾಗಲೆಲ್ಲ ಒಳಗೆ ರಾಗ ತಾನಾಗಿ ಹುಟ್ಟುತ್ತಿತ್ತು. ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಲ್ಲ ಗೊತ್ತು. ಗಂಟಲಿನ ತನಕ ಬಂದು ಅಲ್ಲೇ ಸಾಯುತ್ತಿತ್ತು. ಕೊನೆಗೆ ಕಳಿಸಬೇಡಿ ಎಂದು ಬರೆದು ತಿಳಿಸಿದೆ. ಅವರು ಆಯ್ತು ಎಂದಷ್ಟೇ ಉತ್ತರಿಸಿದರು.

ಕಳೆದ ವರ್ಷ ಒಂದು ಮಧ್ಯಾಹ್ನ ಅವರು ಅಂಗಡಿಗೆ ಬಂದು ನನ್ನನ್ನು ಹೊರಗೆ ಕರೆದರು. ಮೆಟ್ಟಿಲ ಮೇಲೆ ನಿಲ್ಲಿಸಿ ಫೋನನ್ನು ನನ್ನ ಕಿವಿಗೆ ಹಿಡಿದರು. ಹೆಣ್ಣು ದನಿಯಲ್ಲಿ ಬಾಗಿಲಿನ ಹಾಡು. ಕೊಳಲು, ಪಿಟೀಲು, ಏನೆಲ್ಲ ಇತ್ತು. ಯಾರು ಹಾಡಿದ್ದು ಎಂದು ಪಿಸುಗುಟ್ಟಿದೆ. ಯಾರೂ ಅಲ್ಲ, ತನ್ನ ಮಗಳು ಫೋನಿನಲ್ಲೇ ಮಾಡಿಕೊಟ್ಟಳು, ಮಾತು ಬರೆದು ಕೊಟ್ಟರೆ ಯಾವುದೋ ಆ್ಯಪ್ ತಾನೇ ರಾಗ ಹಾಕಿ ತಾನೇ ಹಾಡುತ್ತದಂತೆ ಎಂದರು. ಆ ದನಿಗೆ ಎಲ್ಲೂ ಉಸಿರು ಸಾಲದೇ ಹೋಗುತ್ತಿರಲಿಲ್ಲ. ಗಾಳಿಗೆ ಕೂರಲು ಬರುವುದಿಲ್ಲ ಎಂಬ ಸಾಲನ್ನು ಅದು ಬಹಳ ಖುಷಿಯಿಂದ, ಮೇಲಕ್ಕೆ ಎತ್ತಿ ಹಾಡಿತು. ಏನು ಹೇಳುತ್ತಿದ್ದೇನೆಂದು ಹಾಡಿದವರಿಗೇ ಗೊತ್ತಿಲ್ಲದ ಹಾಗೆ.

ಅದಾದ ಮೇಲೆ ಒಂದು ಚರಣ ಬಂತು. ನನ್ನ ಹೃದಯದ ಬಾಗಿಲಲ್ಲಿ ನಿನ್ನ ಪ್ರೀತಿಯ ದೀಪ, ಹೀಗೇ ಏನೋ. ಆ ಹಾಡಿನಲ್ಲಿ ಅಂಥ ಚರಣ ಇರಲಿಲ್ಲ. ನಾನು ತಲೆ ಎತ್ತಿ ಅವರನ್ನು ನೋಡಿದೆ.

“ಅದು ನಂದಲ್ರಿ. ಹಾಡು ಸಣ್ಣದಾತು ಅಂತ ಅದು ತಾನ ಬರಕೊಂಡೈತಿ,” ಎಂದರು. ಫೋನಿನ ಗಾಜನ್ನು ಅಂಗಿಗೆ ಒರೆಸಿಕೊಂಡು, “ಇರ್ಲಿ ಅಂತ ಬಿಟ್ಟೆ.”

ಇಷ್ಟು ವರ್ಷ ಒಂದು ಶಬ್ದಕ್ಕಾಗಿ ನನ್ನ ಜೊತೆ ಜಗಳ ಕಾಯ್ದವರು ಅವರು. ಮುಖ ನೋಡಿದರೆ ನಾನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದರು. ಬೈಯಲಿ ಎಂದು ಕಾಯುತ್ತಿದ್ದರೋ, ಹೊಗಳಲಿ ಎಂದೋ ತಿಳಿಯಲಿಲ್ಲ. ನನಗೆ ಎರಡಕ್ಕೂ ದನಿ ಇರಲಿಲ್ಲ. ಚೆನ್ನಾಗಿದೆ ಎಂದೆ. ಅವರು ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು.

ಆ ಹಾಡು ಓಡಿತು. ಮಗಳು ಅದನ್ನು ಎಲ್ಲಿಗೋ ಹಾಕಿದಳು, ಅಲ್ಲಿಂದ ಮದುವೆಯ ವಿಡಿಯೋದವರು ಎತ್ತಿಕೊಂಡರು. ಈಗ ನಮ್ಮ ಅಂಗಡಿಗೆ ಮದುವೆ ಸೀರೆ ತೆಗೆಯಲು ಬರುವ ಹುಡುಗಿಯರ ಫೋನಿನಲ್ಲೂ ಕೇಳಿಸುತ್ತದೆ. ಬಾಗಿಲು, ಗಾಳಿ ಯಾವುದೂ ಅದರಲ್ಲಿಲ್ಲ. ಆ ಎರಡು ಸಾಲನ್ನು ಕತ್ತರಿಸಿ, ಹೃದಯ ಮತ್ತು ದೀಪದ ಚರಣವನ್ನಷ್ಟೇ ಇಟ್ಟುಕೊಂಡಿದ್ದಾರೆ. ಜನ ಗುನುಗುವುದು ಅದನ್ನೇ. ಒಂದು ದಿನ ನಾನು ಸೀರೆ ಮಡಿಸುತ್ತಿದ್ದಾಗ ಮದುಮಗಳೊಬ್ಬಳು ಕನ್ನಡಿಯ ಎದುರು ಸೆರಗು ಹಾಕಿಕೊಂಡು ಅದನ್ನು ಹಾಡಿಕೊಂಡಳು, ಕಣ್ಣು ತುಂಬಿಕೊಂಡು. ಅವಳ ಕಣ್ಣೀರು ಸುಳ್ಳಲ್ಲ. ಹಾಡಿನಲ್ಲಿ ಯಾವ ಮಾತು ಉಳಿಯುತ್ತದೆ, ಯಾಕೆ ಉಳಿಯುತ್ತದೆ ಎಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆನಲ್ಲ, ಆ ಒದ್ದೆ ಕೈ, ಉತ್ತರವಿಲ್ಲದ ಪ್ರಶ್ನೆ, ಅಮ್ಮನ ಗದ್ದೆ, ಅದ್ಯಾವುದೂ ಅಲ್ಲಿ ನಿಲ್ಲಲಿಲ್ಲ. ನಾನು ಮಡಿಸಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಿಸಿದೆ.

ಆಮೇಲೆ ಭಾಯ್ ಸಿಕ್ಕಿದ್ದು ಶಿರಸಿಯ ಬಸ್ ನಿಲ್ದಾಣದ ಹತ್ತಿರ. ಟೆಂಪೋಕ್ಕೆ ಅಡಿಕೆ ಚೀಲ ಹೇರಿಸುತ್ತಿದ್ದರು. ಮೊಣಕಾಲು ನೋವಿನ ವಿಷಯ ಮಾತಾಡಿದರು, ಮಗಳಿಗೆ ಕಾರವಾರದಲ್ಲಿ ಕೆಲಸ ಸಿಕ್ಕಿತೆಂದರು. ಹೊಸದೇನಾದರೂ ಕಟ್ಟಿದಿರಾ ಎಂದು ಕೇಳಿದೆ. ರಸ್ತೆಯ ಗದ್ದಲದಲ್ಲಿ ನನ್ನ ಮಾತು ಅವರಿಗೆ ಕೇಳಲಿಲ್ಲ. ತುಟಿ ನೋಡಿ ಅರ್ಥ ಮಾಡಿಕೊಂಡರೆಂದು ತೋರುತ್ತದೆ.

“ಬರೂದಿಲ್ರಿ ಈಗ,” ಎಂದರು. “ಬಂದ್ರೂ ಯಾರಿಗೆ ಹೇಳ್ಲಿ?”

ನನಗೆ ಹೇಳಿ ಎನ್ನಬಹುದಿತ್ತು. ಕಳಿಸಬೇಡಿ ಎಂದವಳೂ ನಾನೇ. ಹಮಾಲರು ಕರೆದರು, ಅವರು ಹಗ್ಗ ಬಿಗಿಯಲು ಹೋದರು.

ಅವರು ಕಟ್ಟಿದ ಉಳಿದ ಹಾಡುಗಳೆಲ್ಲ ಹಳೆಯ ಫೋನಿನಲ್ಲಿದ್ದವು. ಅದು ಕೆಟ್ಟಾಗ ಹೋದವು. ಅವರಿಗೂ ಎಲ್ಲವೂ ನೆನಪಿಲ್ಲವಂತೆ. ನನಗೆ ನೆನಪಿವೆ, ಒಂದು ಶಬ್ದವನ್ನೂ ಬಿಡದೆ. ಹೊರಗೆ ತರಲು ದಾರಿಯಿಲ್ಲ, ಅಷ್ಟೇ. ಕಾಗದದ ಮೇಲೆ ಬರೆದರೆ ಎರಡು ಸಾಲು ಕಾಣುತ್ತದೆ, ಹಾಡು ಕಾಣುವುದಿಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಾ ಘಟ್ಟದ ಹಾಡನ್ನು ಹಾಡಿ ನೋಡಿದೆ. ಬ್ರೇಕು ಹಿಡಿದ ಹಾಗೆ ಎಂಬಲ್ಲಿಗೆ ಗಂಟಲು ಉಜ್ಜಿದಂತೆ ಸದ್ದಾಯಿತು. ಹೊರಗಿನ ಕೋಣೆಯಲ್ಲಿ ನನ್ನ ಗಂಡ ಟೀವಿಯ ದನಿ ತಗ್ಗಿಸಿದರು.

“ಕರ್ದ್ಯಾ? ಎಂಥ ಬೇಕಿತ್ತು?”

ಏನಿಲ್ಲ ಎಂದೆ. ಅವರಿಗೆ ಅದೂ ಕೇಳಿಸಲಿಲ್ಲ, ಎದ್ದು ಬಾಗಿಲ ಹತ್ತಿರ ಬಂದು ನಿಂತರು. ನಾನು ಕೈಯಾಡಿಸಿ ಏನೂ ಬೇಡ ಎಂದು ತೋರಿಸಿ, ಕಾವಲಿಯ ಮೇಲಿನ ದೋಸೆ ಮಗುಚಿದೆ.