ಅಮಾವಾಸ್ಯೆಯ ಮರುದಿನ ಕೆಡುತ್ತಿದ್ದ ಕಂಪ್ಯೂಟರುಗಳು

ಸೃಷ್ಟಿ, ಪ್ರಜ್ವಲ — ನಿಮ್ಮ ಅಜ್ಜಿ ಒಬ್ಬ ನಿರಪರಾಧಿಯ ಕೆಲಸ ಕಳೆದವಳು. ತಪ್ಪು ನನ್ನ ಕೈಯದು, ಹೊತ್ತವನು ಅವನು. ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ, ಗೋಕಾಕದಲ್ಲಿ ಅವರು ದುಡಿಯುತ್ತಿದ್ದ ಬೀಜ-ಗೊಬ್ಬರದ ಮಳಿಗೆಯ ಕಚೇರಿಯಲ್ಲೇ ನನಗೆ ಕಸ ಗುಡಿಸುವ, ಚಹಾ ಕೊಡುವ ಕೆಲಸ ಸಿಕ್ಕಿತು. ಅಲ್ಲಿ ಆರು ಕಂಪ್ಯೂಟರುಗಳು. ಎಲ್ಲದರ ವೈರುಗಳೂ ಗೋಡೆಯ ಹಲಗೆಯ ಮೇಲಿದ್ದ ಒಂದು ಸಣ್ಣ ಡಬ್ಬಿಗೆ ಬಂದು ಸೇರುತ್ತಿದ್ದವು. ಹಲಗೆಯ ಕೆಳಗೆ ಬಸವಣ್ಣನ ಫೋಟೊ. ಅಮಾವಾಸ್ಯೆಯ ಸಂಜೆ ಎಲ್ಲರೂ ಹೋದ ಮೇಲೆ ಕಚೇರಿ ತೊಳೆದು ಪೂಜೆ ಮಾಡುವುದು ನನ್ನ ಪಾಲಿಗೆ ಬಂದಿತ್ತು. ಗಂಡ ಸತ್ತವಳ ಕೈಯಲ್ಲಿ ಪೂಜೆಯೇ ಎಂದು ಹೆಡ್ ಕ್ಲಾರ್ಕ್ ಗೊಣಗಿದ್ದರು. “ಬಸವಣ್ಣನ ಮುಂದ ಅಂಥಾದ್ದೇನೂ ಇಲ್ರಿ” ಎಂದು ಮ್ಯಾನೇಜರ್ ಸಾಹೇಬರು ಅವರ ಬಾಯಿ ಮುಚ್ಚಿಸಿದ್ದರು. ಆ ಮಾತು ನನಗೆ ಎಷ್ಟು ದೊಡ್ಡದಾಗಿತ್ತೋ — ಹೇಳಲಾರೆ.

ಒಂದು ಕಂಪ್ಯೂಟರು ರಿಪೇರಿಗೆಂದು ಹೋದದ್ದು ತಿಂಗಳುಗಟ್ಟಲೆ ತಿರುಗಿ ಬರಲಿಲ್ಲ. ಅದರ ವೈರಿನ ಒಂದು ತುದಿ ಡಬ್ಬಿಯಲ್ಲಿತ್ತು, ಇನ್ನೊಂದು ಫೋಟೊದ ಮುಖದ ಮುಂದೆ ಜೋತಾಡುತ್ತಿತ್ತು. ದೇವರ ಮುಂದೆ ಹಾಗೆ ಜೋತಾಡಬಾರದೆಂದು, ಪೂಜೆಗೆ ಮುಂಚೆ ಅದನ್ನೆತ್ತಿ ಅದೇ ಡಬ್ಬಿಯ ಖಾಲಿ ತೂತಿಗೆ ಸಿಕ್ಕಿಸಿದೆ. ಟಕ್ ಎಂದು ಕೂತಿತು. ಚೆಂದ ಕಂಡಿತು.

ಮರುದಿನ ಎಲ್ಲ ಕಂಪ್ಯೂಟರುಗಳೂ ನಿಂತವು. ಬಿಲ್ಲು ಬರಲಿಲ್ಲ, ಬಾಗಿಲಲ್ಲಿ ಟ್ರ್ಯಾಕ್ಟರುಗಳ ಸಾಲು. ಕಂಪ್ಯೂಟರು ನೋಡಿಕೊಳ್ಳುವವನು ಮೂಡಲಗಿಯ ಮಹಾಂತೇಶ, ವರ್ಷದ ಕರಾರಿನ ಮೇಲಿದ್ದವನು. ಕರಿ ಪರದೆಯ ಮೇಲೆ ಏನೋ ಬರೆದು ಬರೆದು ನೋಡುತ್ತಿದ್ದ. ಚಹಾ ಇಟ್ಟು ಅಲ್ಲೇ ನಿಂತೆ.

“ಇದಕ್ಕ ಪಿಂಗ್ ಅಂತಾರ ಅಕ್ಕಾರ. ‘ಅದಿಯೇನಪಾ?’ ಅಂತ ಆ ಕಂಪ್ಯೂಟರಿಗೆ ಕೇಳತೇನಿ. ‘ಅದೇನಿ’ ಅನ್ನಬೇಕದು. ಇವತ್ತ ಎಲ್ಲಾ ಸಿಟ್ಟಾದ ಬೀಗರಂಗ ಕುಂತಾವ, ಒಂದೂ ಮಾತಾಡವಲ್ಲದು.”

ತನ್ನ ಕಂಪ್ಯೂಟರಿಗೆ ತಾನೇ ಕೇಳಿದರೆ ಉತ್ತರ ಬರುತ್ತಿತ್ತು. ಪಕ್ಕದ ಮೇಜಿಗೆ ಕೇಳಿದರೆ ಇಲ್ಲ. ವೈರು ಬದಲಿಸಿದ — ಇಲ್ಲ. ಡಬ್ಬಿಯ ದೀಪಗಳು ಹುಚ್ಚು ಹಿಡಿದಂತೆ ಮಿಣುಕುತ್ತಿದ್ದವು. ಡಬ್ಬಿಯ ವೈರುಗಳನ್ನೆಲ್ಲ ಕಿತ್ತು ಮತ್ತೆ ಹಾಕಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಹೇಗೋ ಸರಿಯಾಯಿತು.

ಮುಂದಿನ ಅಮಾವಾಸ್ಯೆಗೆ ವೈರು ಮತ್ತೆ ಜೋತಾಡುತ್ತಿತ್ತು. ಮತ್ತೆ ಸಿಕ್ಕಿಸಿದೆ. ಮರುದಿನ ಮತ್ತೆ ಅದೇ ಗತಿ.

ಆಗ ಕಚೇರಿಯಲ್ಲಿ ಪಿಸುಮಾತು ಹುಟ್ಟಿತು. ಅವನ ಕರಾರು ಮುಗಿಯಲು ಬಂದಿದೆ, ತಾನೇ ಕೆಡಿಸಿ ತಾನೇ ಸರಿಮಾಡಿ ಬೇಕಾದವನಾಗುತ್ತಿದ್ದಾನೆ — ಹೀಗೆ. ನಾನೂ ನಂಬಿದೆ. ಕಸ ಗುಡಿಸುವಾಗಲೂ ಅವನ ಕೈಯ ಮೇಲೆ ಕಣ್ಣಿಟ್ಟೆ. ಅವನು ಆ ಡಬ್ಬಿಯ ಹತ್ತಿರ ಹೋದರೆ ಸಾಕು, ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ. ನಕ್ಕು ಮಾತಾಡಿಸಿದರೆ, ಇವನು ಯಾಕೆ ನಗುತ್ತಾನೆ ಎನ್ನಿಸುತ್ತಿತ್ತು.

ಮೂರನೆಯ ಅಮಾವಾಸ್ಯೆಗೂ ವೈರು ಸಿಕ್ಕಿಸಿದ್ದೆ. ಆ ಸಲ ಕೆಟ್ಟಾಗ ಅವನು ಒಂದೊಂದೇ ವೈರು ಕಿತ್ತು, ಕಿತ್ತಾಗೊಮ್ಮೆ ಪಿಂಗ್ ಮಾಡಿ, ಕೊನೆಗೆ ಒಂದು ವೈರು ಹಿಡಿದು ಸಾಹೇಬರ ಮುಂದೆ ನಿಂತ.

“ಇದರ ಎರಡೂ ತುದಿ ಒಂದ ಡಬ್ಬಿಯಾಗ ಹಾಕ್ಯಾರ ನೋಡ್ರಿ ಸಾಹೇಬ್ರ. ಮಾತು ತಿರುಗಿ ತಿರುಗಿ ಅಲ್ಲೇ ಸುತ್ತಾಕತ್ತೈತಿ, ಹೊರಗ ಹೋಗವಲ್ಲದು. ಮೂರೂ ಸರ್ತಿ ಇದ ಆಗೇತಿ. ಯಾರೋ ಬೇಕಂತ ಮಾಡಾಕತ್ತಾರ.”

“ಯಾರೋ ಅಂದ್ರ? ಇದನ್ನ ಬಲ್ಲಾಂವ ನೀ ಒಬ್ಬಾಂವ ಅಲ್ಲೇನು?” ಎಂದರು ಸಾಹೇಬರು.

ಅವನ ಕೈಯಲ್ಲಿದ್ದದ್ದು ನಾನು ಫೋಟೊದ ಮುಂದಿನಿಂದ ಎತ್ತಿ ಸಿಕ್ಕಿಸುತ್ತಿದ್ದ ವೈರೇ ಎಂದು ನನಗೆ ಅಲ್ಲೇ ತಿಳಿಯಿತು. ಹೆಡ್ ಕ್ಲಾರ್ಕ್ ನನ್ನ ಕಡೆ ತಿರುಗಿ, “ಇದು ಮೂರನೇ ಅಮಾಸಿ...” ಎಂದು ಶುರುಮಾಡಿದರು. ಗಂಡ ಸತ್ತವಳ ಕೈ ತಾಗಿದ್ದಕ್ಕೇ ಕೆಟ್ಟಿತು ಎನ್ನುತ್ತಾರೆ, ಪೂಜೆ ಕಸಿದುಕೊಳ್ಳುತ್ತಾರೆ — ಅಷ್ಟೇ ತಲೆಗೆ ಬಂದದ್ದು. ಅವರ ಮಾತು ಮುಗಿಯುವ ಮುಂಚೆ, ಎಂದೂ ಬಾಯಿಬಿಡದ ನಾನು ಹೇಳಿದೆ:

“ಮಹಾಂತೇಶನ್ನ ಬಿಟ್ರ ಆ ಡಬ್ಬಿ ಯಾರೂ ಮುಟ್ಟಂಗಿಲ್ರಿ ಸಾಹೇಬ್ರ. ನಾ ದಿನಾ ನೋಡತೇನಿ.”

ಕಡಿಮೆ ಮಾತಿನವಳ ಮಾತನ್ನು ಎಲ್ಲರೂ ನಂಬಿದರು. ಮಹಾಂತೇಶ ನನ್ನ ಮುಖ ನೋಡಿ, ಆ ವೈರನ್ನು ಸಾಹೇಬರ ಮೇಜಿನ ಮೇಲಿಟ್ಟ. ಆ ವಾರವೇ ಅವನನ್ನು ಕೆಲಸದಿಂದ ಬಿಡಿಸಿದರು.

ಮುಂದಿನ ಅಮಾವಾಸ್ಯೆಗೆ ನಾನು ವೈರು ಮುಟ್ಟಲಿಲ್ಲ. ಏನೂ ಕೆಡಲಿಲ್ಲ. “ನೋಡ್ರಿ, ಅಂವ ಹೋದ, ತ್ರಾಸೂ ಹೋತು” ಎಂದು ಸಾಹೇಬರು ನಕ್ಕರು. ನನ್ನ ಸುಳ್ಳಿಗೆ ನಾನೇ ಸಾಕ್ಷಿ ಒದಗಿಸಿದ್ದೆ. ಆಮೇಲೆ ಯಾರು ನನ್ನ ಕಡೆ ನೋಡಿದರೂ ಇವರಿಗೆ ಗೊತ್ತಾಗಿದೆ ಎನ್ನಿಸುತ್ತಿತ್ತು. ಪೂಜೆ ನನ್ನ ಕೈಯಲ್ಲೇ ಉಳಿಯಿತು, ಆದರೆ ಫೋಟೊದ ಕಡೆ ಕಣ್ಣೆತ್ತಿ —

ಹೋದ ತಿಂಗಳು ಹುಕ್ಕೇರಿ ಬಸ್‌ಸ್ಟ್ಯಾಂಡಿನ ಬಳಿ ಒಂದು ಮೊಬೈಲ್ ಅಂಗಡಿಯಲ್ಲಿ ಅವನನ್ನು ಕಂಡೆ. ತಲೆ ಅರ್ಧ ನೆರೆದಿದೆ. “ಆರಾಮ ಅದೀರಿ ಅಕ್ಕಾರ?” ಎಂದು ಕುರ್ಚಿ ಹಾಕಿದ. ನಾನು ಕೇಳದೆಯೇ ಅವನೇ ಹೇಳಿದ: “ಗೋಕಾಕದಾಗ ಮತ್ತ ಯಾರೂ ಕೆಲಸಕ್ಕ ತೊಗೊಳ್ಳಲಿಲ್ರಿ. ಎಲ್ಲಿ ಹೋದರೂ ಅದ ಮಾತು. ಯಾರು ಮಾಡಿದ್ರೋ, ಇನ್ನೂ ತಿಳೀವಲ್ಲದು ನೋಡ್ರಿ.” ಗೊತ್ತಿದ್ದೇ ಕೇಳುತ್ತಿದ್ದಾನೋ, ಇಲ್ಲವೋ — ಅವನ ಮುಖದಲ್ಲಿ ಹುಡುಕಿದೆ, ಸಿಗಲಿಲ್ಲ. ಚಹಾ ಕುಡಿದು ಎದ್ದು ಬಂದೆ. ಅಂದೂ ಹೇಳಲಿಲ್ಲ.

ಬರುವ ಸೋಮವಾರ ಹುಕ್ಕೇರಿಗೆ ಹೋಗುತ್ತೇನೆ. ಅವನ ಅಂಗಡಿಯಲ್ಲಿ ನಿಂತು ನಾನೇ ಎಂದು ಹೇಳಬೇಕು, ಅವನು ಬೈದರೆ ಕೇಳಿಸಿಕೊಳ್ಳಬೇಕು. ಆದರೆ ನನ್ನ ನಾಲಿಗೆಯ ಮೇಲೆ ನನಗೇ ಭರವಸೆಯಿಲ್ಲ. ಹೇಳದೆ ತಿರುಗಿ ಬಂದೆನಾದರೆ, ನೀವಿಬ್ಬರೂ ಹೋಗಿ ಇದನ್ನು ಅವನ ಕೈಗೆ ಕೊಡಬೇಕು. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ನಾನೇ ಬಂದು ಹರಿದುಹಾಕುತ್ತೇನೆ ಕೊಡಿ ಎಂದರೂ ಕೊಡಬೇಡಿ.